ಮೊದಲು ಯಾರ ಕರೆಂಟ್ ತೆಗೀಬೇಕು?

ಚಿತ್ರದುರ್ಗದ ಜೋಗಿಮಟ್ಟಿ ಕಡೆ ತಲೆ ಎತ್ತಿದರೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹೋದರೂ ಅವೇ. ನಾವು 'ಫ್ಯಾನ್' ಅಂತೀವಿ. ಫ್ಯಾನಿನ ಬುಡದಲ್ಲಿರೋ ಊರಿನವರಿಗೆ ಮಾತ್ರ ಪಂಪ್‌ಸೆಟ್‌ಗೆ ತ್ರೀಫೇಸ್ ಯಾವಾಗ ಕೊಡ್ತಾರೆ ಅಂತ ಕಾಯೋದು ತಪ್ಪಿಲ್ಲ. ಗಾಳಿ ನಮ್ದು, ಕರೆಂಟ್ ಬೆಂಗಳೂರಿಗೆ ಅನ್ನೋ ಸಿಟ್ಟು ಹುಟ್ಟೋದು ಅಲ್ಲಿಂದಲೇ.

ಆ ಸಿಟ್ಟನ್ನ ನಾನು ಅರ್ಧ ಮಾತ್ರ ಒಪ್ತೀನಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮಲೆನಾಡಿನ ಎಷ್ಟೋ ಊರುಗಳು ಮುಳುಗಿದವು. ಆಮೇಲೆ ದಶಕಗಟ್ಟಲೆ ಬಯಲುಸೀಮೆಯ ಮೋಟಾರುಗಳು ಓಡಿದ್ದರಲ್ಲಿ ಶರಾವತಿ ಕರೆಂಟಿನ ಪಾಲಿದೆ. ಮುಳುಗಿದವರು 'ನೀರು ನಮ್ದು' ಅಂತ ಸ್ವಿಚ್ ಹಿಡಕೊಂಡು ಕೂತಿದ್ದರೆ ನಮ್ಮ ಗತಿ ಏನಾಗ್ತಿತ್ತು?

ಹಾಗಾಗಿ ಮೈಕ್ರೋಗ್ರಿಡ್ ಬೇಕು ಅಂದಾಗ ನಾನು ಕೇಳ್ತಿರೋದು ಗಾಳಿಯ ಒಡೆತನವನ್ನಲ್ಲ. ಒಂದು ಸಬ್‌ಸ್ಟೇಷನ್ ಕೆಳಗಿನ ನಾಲ್ಕಾರು ಹಳ್ಳಿಗೆ ಒಂದಿಷ್ಟು ಸೋಲಾರ್, ಒಂದಿಷ್ಟು ಗಾಳಿ, ಜೊತೆಗೆ ಬ್ಯಾಟರಿ. ದೊಡ್ಡ ಲೈನ್ ಇದ್ದಾಗ ಅದರ ಜೊತೆ, ಇಲ್ಲದಾಗ ತನ್ನಷ್ಟಕ್ಕೆ ನಡೆಯೋ ಜಾಲ. ನಮ್ಮ ಸೀಮೆಗೆ ಇದು ಚೆನ್ನಾಗಿ ಒಗ್ಗುತ್ತೆ. ಆಷಾಢದಲ್ಲಿ ಮೋಡ ಕವಿದು ಸೋಲಾರ್ ಸೊರಗಿದಾಗಲೇ ಗಾಳಿ ಜೋರು. ಬೇಸಿಗೆಯಲ್ಲಿ ಬಿಸಿಲಿಗೇನು ಬರ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು, ತೋಟದ ಲೈನು ಬೇರೆ ಬೇರೆ ಮಾಡೋ ಕೆಲಸ ಶುರುವಾಗಿತ್ತು. 2019ರ ಪಿಎಂ ಕುಸುಮ್ ಯೋಜನೆಯಲ್ಲಿ ತೋಟದ ಫೀಡರಿಗೇ ಸೋಲಾರ್ ಕೂರಿಸೋಕೆ ಅವಕಾಶ ಇದೆ.

ತಂತ್ರಜ್ಞಾನದ ಮಾತು ಇಷ್ಟು ಸಾಕು. ನನ್ನನ್ನ ಕಾಡೋದು 'ಆಪ್ಟಿಮೈಸ್' ಅನ್ನೋ ಪದ. ಸಾಫ್ಟ್‌ವೇರಿನವನಾಗಿ ಹೇಳ್ತೀನಿ, ಏನನ್ನ ಕಮ್ಮಿ ಮಾಡಬೇಕು ಅಂತ ಮನುಷ್ಯ ಹೇಳದೆ ಯಾವ ಪ್ರೋಗ್ರಾಮೂ ಆಪ್ಟಿಮೈಸ್ ಮಾಡಲ್ಲ. ಸಂಜೆ ಏಳಕ್ಕೆ ಗಾಳಿ ಬಿದ್ದಿದೆ, ಬ್ಯಾಟರಿ ಅರ್ಧ ಇದೆ ಅಂತಿಟ್ಟುಕೊಳ್ಳಿ. ಕುಡಿಯೋ ನೀರಿನ ಮೋಟಾರು, ಹಾಲಿನ ಡೇರಿ, ಹಿಟ್ಟಿನ ಗಿರಣಿ, ದಾಳಿಂಬೆ ತೋಟ, ಒಂದು ಎಕರೆಯ ಒಂಟಿ ಹೆಂಗಸಿನ ಬೋರು. ಎಲ್ಲರಿಗೂ ಸಾಲಲ್ಲ. ಯಾರನ್ನ ಮೊದಲು ತೆಗೀಬೇಕು? ಕೋಡಿನಲ್ಲಿ ಪ್ರತಿಯೊಬ್ಬರಿಗೂ ಒಂದು ಅಂಕಿ ಕೊಟ್ಟಿರ್ತೀವಿ. ನಷ್ಟ ಕಮ್ಮಿ ಮಾಡು ಅಂದರೆ ಅದು ಬಿಲ್ ಕಟ್ಟದವರನ್ನ ಮೊದಲು ತೆಗೆಯುತ್ತೆ. ನಮ್ಮಲ್ಲಿ 10 ಎಚ್‌ಪಿವರೆಗೆ ಪಂಪ್‌ಸೆಟ್ ಕರೆಂಟ್ ಪುಕ್ಕಟೆ ತಾನೆ? ಆ ಅಂಕಿ ನ್ಯಾಯದ ತೀರ್ಮಾನ. ಅದನ್ನ ಬೆಂಗಳೂರಲ್ಲಿ ಎಸಿ ಕೆಳಗೆ ಕೂತ ನನ್ನಂಥವನು ಬರೀಬಾರದು.

ಕೆರೆ ನೀರು ಹಂಚೋಕೆ ನಮ್ಮಲ್ಲಿ ನೀರುಗಂಟಿ ಇದ್ದ. ಯಾರ ಗದ್ದೆಗೆ ಯಾವಾಗ ಅನ್ನೋದು ಊರಿಗೆಲ್ಲ ಗೊತ್ತಿರ್ತಿತ್ತು. ಅದು ರಾಮರಾಜ್ಯವೇನಲ್ಲ. ಅನೇಕ ಕಡೆ ನೀರುಗಂಟಿ ದಲಿತರ ಮನೆಯವನು, ತೂಬು ಎತ್ತೋ ಕೈ ಅವನದು, ಎತ್ತು ಅನ್ನೋ ಬಾಯಿ ಗೌಡರದು. ಗ್ರಾಮಸಭೆಯಲ್ಲಿ ಈಗಲೂ ದೊಡ್ಡವರ ದನಿಯೇ ಜೋರು. ಆದರೂ ಪಂಚಾಯ್ತಿ ಗೋಡೆ ಮೇಲೆ ಕನ್ನಡದಲ್ಲಿ ಬರೆದ ಸರದಿ ಪಟ್ಟಿಗೆ ಜಗಳ ತೆಗೀಬಹುದು. ಸರ್ವರಿನಲ್ಲಿರೋ ಅಂಕಿಗೆ ಯಾರು ಜಗಳ ತೆಗೀತಾರೆ? ಅದಿದೆ ಅಂತಲೇ ಗೊತ್ತಿರಲ್ಲ. ನನ್ನ ಪಟ್ಟಿಯಲ್ಲಿ ಕುಡಿಯೋ ನೀರು ಮೊದಲು, ಆಮೇಲೆ ಮನೆಗೊಂದು ದೀಪ, ಒಂದು ಫ್ಯಾನು, ಡೇರಿ. ಮೋಟಾರುಗಳು ಸರದಿ ಮೇಲೆ. ಊರವರು ಬೇರೆ ಬರೆದರೆ ಅದೇ ನಡೀಲಿ.

ಇನ್ನೊಂದು ತೊಡಕಿದೆ. ದಾಳಿಂಬೆ ಬೆಳೆಗಾರರೊಬ್ಬರು ಸ್ವಂತ ದುಡ್ಡಲ್ಲಿ ಪ್ಯಾನೆಲ್ ಹಾಕಿಸಿಕೊಂಡರೆ ಅವರೂ ಸರದಿ ಕಾಯಬೇಕಾ? ಕರೆಂಟ್ ಅವರದೇ, ಹಗಲೆಲ್ಲ ಮೋಟಾರ್ ಓಡಿಸಬಹುದು. ಆದರೆ ಕೆಳಗಿರೋ ನೀರು ಪಕ್ಕದ ಬೋರಿನದೂ ಹೌದು. ಮನೆಗೆ, ಕೋಲ್ಡ್ ಸ್ಟೋರೇಜಿಗೆ ಎಷ್ಟು ಬೇಕಾದರೂ ಬಳಸಲಿ, ಬೋರಿಗೆ ಮಾತ್ರ ಸರದಿ ಇರಲಿ ಅಂತೀನಿ ನಾನು. ಅವರು ಒಪ್ಪಲಿಕ್ಕಿಲ್ಲ.