ಕಲಿತದ್ದನ್ನು ಜಪ್ತಿ ಮಾಡಲು ಸಾಧ್ಯವೇ?

ನಮ್ಮ ಊರಿನ ಆಟೋ ಚಾಲಕರೊಬ್ಬರು ಮಗಳ ನರ್ಸಿಂಗ್ ಕೋರ್ಸಿಗೆ ಬ್ಯಾಂಕ್ ಸಾಲದ ಅರ್ಜಿ ಹಿಡಿದುಕೊಂಡು ನನ್ನ ಬಳಿ ಬಂದಿದ್ದರು. ಅರ್ಜಿ ಇಂಗ್ಲಿಷಿನಲ್ಲಿತ್ತು, ಅದನ್ನು ತುಂಬಿಸಿಕೊಡಬೇಕಿತ್ತು. ನಾನು ಬರೆಯುತ್ತಿದ್ದಂತೆ ಅವರು ಕೇಳಿದರು: "ಮಾಸ್ಟ್ರೇ, ಆಟೋದ ಕಂತು ಕಟ್ಟದಿದ್ದರೆ ಆಟೋ ಎಳೆದುಕೊಂಡು ಹೋಗುತ್ತಾರೆ. ಇದರ ಕಂತು ತಪ್ಪಿದರೆ ಏನನ್ನು ಎಳೆದುಕೊಂಡು ಹೋಗುತ್ತಾರೆ? ಕಲಿತದ್ದನ್ನಾ?"

ಅವರು ತಮಾಷೆಗೆ ಕೇಳಿದ್ದಲ್ಲ. ಇದೇ ಪ್ರಶ್ನೆಯನ್ನು 1955ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಎತ್ತಿದ್ದರು. ಯಂತ್ರಕ್ಕೆ ಸಾಲ ಕೊಟ್ಟವನು ಯಂತ್ರವನ್ನು ಹರಾಜು ಹಾಕಬಹುದು. ಆದರೆ ಗುಲಾಮಗಿರಿ ಇಲ್ಲದ ಸಮಾಜದಲ್ಲಿ ಕಲಿತ ಮನುಷ್ಯನನ್ನು ಮಾರಲಾಗುವುದಿಲ್ಲ, ಆದ್ದರಿಂದ ಯಾವ ಸಾಹುಕಾರನೂ ವಿದ್ಯೆಗೆ ಸುಲಭವಾಗಿ ಸಾಲ ಕೊಡುವುದಿಲ್ಲ ಎಂಬುದು ಅವರ ವಾದ. ಅವರು ಸೂಚಿಸಿದ ಪರಿಹಾರವೂ ವಿಚಿತ್ರವಾಗಿತ್ತು. ಸಾಲ ಕೊಡುವ ಬದಲು ವಿದ್ಯಾರ್ಥಿಯ ಮುಂದಿನ ಆದಾಯದಲ್ಲಿ ಒಂದು ಪಾಲನ್ನು ಖರೀದಿಸಿದರೆ ಹೇಗೆ? ಇದು ಭಾಗಶಃ ಗುಲಾಮಗಿರಿಯಂತೆ ಕಾಣಬಹುದೆಂದು ಒಪ್ಪಿಕೊಂಡವರೂ ಅವರೇ. ಮಾರುಕಟ್ಟೆಯನ್ನು ಅಷ್ಟೊಂದು ನಂಬಿದ್ದ ಮನುಷ್ಯ ಇಷ್ಟು ಪ್ರಾಮಾಣಿಕವಾಗಿ ಬರೆದದ್ದನ್ನು ಮೆಚ್ಚಬೇಕು.

ಲಾಭ-ನಷ್ಟ ಎರಡರಲ್ಲೂ ಪಾಲು ಎಂಬ ಮಾತು ಮುದಾರಬ ಬಲ್ಲವರಿಗೆ ಹೊಸದಲ್ಲ. ಬಡ್ಡಿಗಿಂತ ಇದು ವಾಸಿ ಎಂದು ತಟ್ಟನೆ ಅನಿಸುತ್ತದೆ. ಆದರೆ ಅಂಗಡಿಯಲ್ಲಿ ಪಾಲು ಹಿಡಿಯುವುದೂ ಒಬ್ಬಳು ಹುಡುಗಿಯ ಮುಂದಿನ ದುಡಿಮೆಯಲ್ಲಿ ಪಾಲು ಹಿಡಿಯುವುದೂ ಒಂದೇ ಅಲ್ಲ. ಅಂಗಡಿಯನ್ನು ಮುಚ್ಚಬಹುದು, ಬದುಕನ್ನು ಮುಚ್ಚಲಾಗದು. ಯೇಲ್ ವಿಶ್ವವಿದ್ಯಾನಿಲಯ 1971ರಲ್ಲಿ ಇಂಥದ್ದೊಂದು ಪ್ರಯೋಗ ನಡೆಸಿತು. ಒಂದು ವರ್ಷದ ಸಾಲಗಾರರೆಲ್ಲರೂ ಒಂದು ಗುಂಪು. ಗುಂಪಿನ ಒಟ್ಟು ಸಾಲ ತೀರುವ ತನಕ ಪ್ರತಿಯೊಬ್ಬರೂ ಆದಾಯದ ಒಂದಂಶವನ್ನು ಕಟ್ಟುತ್ತಿರಬೇಕು. ಕೆಲವರು ಕಟ್ಟಲೇ ಇಲ್ಲ. ಅವರ ಭಾರವೂ ಕಟ್ಟುವವರ ತಲೆಯ ಮೇಲೆ ಬಿತ್ತು. ಕೆಲವೇ ವರ್ಷಗಳಲ್ಲಿ ಹೊಸಬರನ್ನು ಸೇರಿಸುವುದು ನಿಂತಿತು. ಕೊನೆಗೆ ಉಳಿದ ಬಾಕಿಯನ್ನು ವಿಶ್ವವಿದ್ಯಾನಿಲಯವೇ ಮನ್ನಾ ಮಾಡಬೇಕಾಯಿತು.

ಹಾಗಾದರೆ ಏನನ್ನು ಅಡವಿಡುವುದು? ಪ್ರತಿ ದೇಶವೂ ತನ್ನದೇ ಉತ್ತರ ಹುಡುಕಿಕೊಂಡಿದೆ. ಕಲಿಯುವವರನ್ನು ಆ ದೇಶ ಯಾವ ಕಣ್ಣಿನಿಂದ ನೋಡುತ್ತದೆ ಎಂಬುದು ಆ ಉತ್ತರದಲ್ಲಿ ಗೊತ್ತಾಗುತ್ತದೆ.

ಅಮೆರಿಕ ಸರಕಾರವನ್ನೇ ಜಾಮೀನಾಗಿ ನಿಲ್ಲಿಸಿತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಹೆದರಿದ ಅಮೆರಿಕ, ಮರುವರ್ಷವೇ ರಾಷ್ಟ್ರರಕ್ಷಣೆಯ ಹೆಸರಿನ ಒಂದು ಕಾನೂನಿನಡಿ ವಿದ್ಯಾರ್ಥಿಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಡಲು ಹೊರಟಿತು. ವಿದ್ಯಾರ್ಥಿಯ ಮೇಲಿನ ಅಕ್ಕರೆಗಿಂತ ರಷ್ಯಾದ ಭಯ ದೊಡ್ಡದಾಗಿತ್ತು ಎಂದರೆ ತಪ್ಪಾಗದು. 1965ರ ಉನ್ನತ ಶಿಕ್ಷಣ ಕಾನೂನು ಬ್ಯಾಂಕುಗಳು ಕೊಡುವ ಸಾಲಕ್ಕೆ ಸರಕಾರದ ಖಾತರಿಯನ್ನು ವಿಸ್ತರಿಸಿತು. ಸಾಲ ಸಲೀಸಾಗಿ ಸಿಗುವಂತಾದ ಮೇಲೆ ಕಾಲೇಜುಗಳ ಶುಲ್ಕವೂ ಏರುತ್ತಾ ಹೋಯಿತು. ಇವತ್ತು ಅಲ್ಲಿನ ಒಟ್ಟು ವಿದ್ಯಾರ್ಥಿ ಸಾಲ 1.6 ಲಕ್ಷ ಕೋಟಿ ಡಾಲರಿಗೂ ಮಿಕ್ಕಿದೆ, ಸಾಲಗಾರರು ನಾಲ್ಕು ಕೋಟಿಗೂ ಹೆಚ್ಚು.

ನನ್ನನ್ನು ಹೆಚ್ಚು ಕಾಡಿದ್ದು ಈ ಮೊತ್ತವಲ್ಲ. ಅಮೆರಿಕದಲ್ಲಿ ವ್ಯಾಪಾರದಲ್ಲಿ ಮುಳುಗಿದವನು ನ್ಯಾಯಾಲಯಕ್ಕೆ ಹೋಗಿ ದಿವಾಳಿ ಘೋಷಿಸಿಕೊಂಡು ಹೊಸ ಬದುಕು ಶುರುಮಾಡಬಹುದು. ಕ್ರೆಡಿಟ್ ಕಾರ್ಡಿನ ಸಾಲವೂ ಹಾಗೆ ಕಳಚಿಕೊಳ್ಳಬಹುದು. ಓದಿದವನ ಸಾಲಕ್ಕೆ ಮಾತ್ರ ಆ ಬಾಗಿಲು ಮೆಲ್ಲಮೆಲ್ಲನೆ ಮುಚ್ಚಿತು. 1976ರ ಕಾನೂನು ಮೊದಲ ಐದು ವರ್ಷ ದಿವಾಳಿಯ ರಕ್ಷಣೆ ಇಲ್ಲ ಎಂದಿತು. 1998ರ ಹೊತ್ತಿಗೆ ಸರಕಾರಿ ಸಾಲದ ಮಟ್ಟಿಗೆ ವರ್ಷಗಳ ಲೆಕ್ಕವೇ ಹೋಯಿತು. ಅಸಾಧಾರಣ ಸಂಕಷ್ಟವನ್ನು ರುಜುವಾತು ಮಾಡಿದರೆ ಮಾತ್ರ ಬಿಡುಗಡೆ. ಹಳೆಯ ವಿದ್ಯಾರ್ಥಿ ಸಾಲಕ್ಕಾಗಿ ಸಾಮಾಜಿಕ ಭದ್ರತಾ ಭತ್ಯೆಯಲ್ಲೂ ಕಡಿತ ಮಾಡಬಹುದೆಂದು 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಕಲಿತದ್ದನ್ನು ಜಪ್ತಿ ಮಾಡಲಾಗದಿದ್ದರೇನು, ಮುಪ್ಪಿನ ಅನ್ನವನ್ನು ಮಾಡಬಹುದಲ್ಲ! 2022ರಲ್ಲಿ ಅಧ್ಯಕ್ಷ ಬೈಡನ್ ದೊಡ್ಡ ಪ್ರಮಾಣದ ಮನ್ನಾ ಘೋಷಿಸಿದರು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು.

ಸಾಲಗಾರ ಕಷ್ಟದಲ್ಲಿದ್ದರೆ ಅವನಿಗೆ ಅನುಕೂಲವಾಗುವ ತನಕ ಕಾಯಬೇಕು, ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಎಂದು ಕುರ್‌ಆನ್ ಬೋಧಿಸುತ್ತದೆ. ಇದನ್ನು ಕಾನೂನಿನ ಭಾಷೆಗೆ ಬಹುಮಟ್ಟಿಗೆ ಇಳಿಸಿದ ದೇಶ ಆಸ್ಟ್ರೇಲಿಯಾ ಎಂದರೆ ಓದುಗರಿಗೆ ಅಚ್ಚರಿಯಾಗಬಹುದು. ಅಲ್ಲಿ ವಿಟ್ಲಮ್ ಸರಕಾರ 1974ರಲ್ಲಿ ವಿಶ್ವವಿದ್ಯಾನಿಲಯಗಳ ಶುಲ್ಕವನ್ನು ರದ್ದು ಮಾಡಿತ್ತು. ಹದಿನೈದು ವರ್ಷಗಳ ಬಳಿಕ, 1989ರಲ್ಲಿ, ಬ್ರೂಸ್ ಚಾಪ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ರೂಪಿಸಿದ ಯೋಜನೆಯಂತೆ ಶುಲ್ಕ ಮರಳಿತು. ಆಗ ವರ್ಷಕ್ಕೆ 1,800 ಡಾಲರ್. ಆದರೆ ಓದುವಾಗ ಕಟ್ಟಬೇಕಾಗಿಲ್ಲ. ಸಂಬಳ ಒಂದು ಮಿತಿ ದಾಟಿದ ಮೇಲೆ ತೆರಿಗೆಯ ಜೊತೆ ಕಡಿತವಾಗುತ್ತದೆ. ಕೆಲಸ ಹೋದರೆ ಕಡಿತವೂ ನಿಲ್ಲುತ್ತದೆ. ಬಾಗಿಲು ಬಡಿಯಲು ಯಾರೂ ಬರುವುದಿಲ್ಲ. ಬೆಲೆಯೇರಿಕೆಗೆ ತಕ್ಕಂತೆ ಬಾಕಿ ಏರುತ್ತದೆಯೇ ಹೊರತು ಅದರ ಮೇಲೆ ಲಾಭದ ಬಡ್ಡಿ ಇಲ್ಲ. ಆ ಏರಿಕೆಯೂ 2023ರಲ್ಲಿ ಶೇ. 7.1ಕ್ಕೆ ಮುಟ್ಟಿದಾಗ ಕೂಗೆದ್ದಿತು. 2024ರಲ್ಲಿ ಲೆಕ್ಕದ ಕ್ರಮವನ್ನು ಸಡಿಲಿಸಿದರು, 2025ರಲ್ಲಿ ಎಲ್ಲರ ಬಾಕಿಯಲ್ಲೂ ಶೇ. 20ನ್ನು ಕಡಿಮೆ ಮಾಡುವ ಕಾನೂನು ತಂದರು.

ಇಲ್ಲಿ ಚಾಪ್‌ಮನ್‌ರಂಥವರ ವಾದವನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುವುದು ಸರಿಯಲ್ಲ. ವಿಶ್ವವಿದ್ಯಾನಿಲಯ ಪೂರ್ತಿ ಉಚಿತವಾದರೆ ಅದರ ಖರ್ಚನ್ನು ಕಟ್ಟುವವರು ಯಾರು? ಕಾಲೇಜಿನ ಮೆಟ್ಟಿಲನ್ನೇ ಹತ್ತದ ಬಡಗಿ, ಮೀನು ಮಾರುವ ಹೆಂಗಸು ಬೆಂಕಿಪೊಟ್ಟಣದ ಮೇಲೂ ತೆರಿಗೆ ಕೊಡುತ್ತಾರೆ. ಅದರಿಂದ ಡಾಕ್ಟರಾಗುವುದು ಹೆಚ್ಚಾಗಿ ಅನುಕೂಲಸ್ಥರ ಮಕ್ಕಳು. ಬಳಿಕ ಆ ಡಾಕ್ಟರು ಅದೇ ಹೆಂಗಸಿನಿಂದ ಫೀಸು ಕೇಳುತ್ತಾರೆ. ಉಚಿತ ಶಿಕ್ಷಣದ ಪರ ಮಾತಾಡುವ ನಮ್ಮಂಥವರು ಈ ಪ್ರಶ್ನೆಗೆ ಉತ್ತರ ಹೇಳಲೇಬೇಕು. ನನಗೆ ತೋಚುವುದಿಷ್ಟು: ಕಲಿತವನ ಮೇಲೆ ಋಣ ಇದೆ, ಅದು ಸುಳ್ಳಲ್ಲ. ಆದರೆ ಆ ಋಣ ಬ್ಯಾಂಕಿನದ್ದಲ್ಲ, ಆ ಹೆಂಗಸಿನದ್ದು. ಹೆಚ್ಚು ಗಳಿಸಿದವನಿಂದ ಹೆಚ್ಚು ತೆರಿಗೆ ಪಡೆದು ಮುಂದಿನ ಮಕ್ಕಳಿಗೆ ಕೊಡುವುದು ಅದನ್ನು ತೀರಿಸುವ ಒಂದು ದಾರಿ. ಜರ್ಮನಿ ಹೆಚ್ಚುಕಡಿಮೆ ಆ ದಾರಿಯಲ್ಲಿದೆ. ಕೆಲವು ರಾಜ್ಯಗಳು 2006ರ ಆಸುಪಾಸಿನಲ್ಲಿ ಶುಲ್ಕ ತಂದವು, 2014ರೊಳಗೆ ಎಲ್ಲವೂ ಅದನ್ನು ಕೈಬಿಟ್ಟವು. ಊಟ-ವಸತಿಗೆ ಕೊಡುವ ನೆರವಿನಲ್ಲಿ ಅರ್ಧ ದಾನ, ಅರ್ಧ ಬಡ್ಡಿಯಿಲ್ಲದ ಸಾಲ.

ಇಂಗ್ಲೆಂಡಿನ ಕಥೆ ಬೇರೆ. 1962ರ ಕಾನೂನಿನಂತೆ ಶುಲ್ಕವನ್ನೂ ನಿರ್ವಹಣೆಯ ಧನವನ್ನೂ ಸರಕಾರ ಕೊಡುತ್ತಿದ್ದ ದೇಶವದು. 1990ರಲ್ಲಿ ಸಾಲ ಬಂತು. 1998ರಲ್ಲಿ ವರ್ಷಕ್ಕೆ 1,000 ಪೌಂಡ್ ಶುಲ್ಕ, 2006ರಲ್ಲಿ 3,000, 2012ರಲ್ಲಿ 9,000. ಆಸ್ಟ್ರೇಲಿಯಾದಂತೆ ಸಂಬಳ ಬಂದ ಮೇಲೆಯೇ ಮರುಪಾವತಿ. ಆದರೆ 2012ರ ನಂತರದ ಸಾಲಕ್ಕೆ ಬೆಲೆಯೇರಿಕೆಯ ಮೇಲೆ ಶೇ. 3ರ ತನಕ ಬಡ್ಡಿ ಸೇರಿತು. ಬಡ್ಡಿಯನ್ನು ಹರಾಮೆಂದು ನಂಬುವ ಮುಸ್ಲಿಂ ಕುಟುಂಬಗಳು ಇಲ್ಲಿ ಇಕ್ಕಟ್ಟಿಗೆ ಸಿಲುಕಿದವು. ಕೆಲವರು ಓದು ಮುಂದೂಡಿದರು, ಕೆಲವರು ಓದುತ್ತಲೇ ದುಡಿದರು, ಕೆಲವರು ಅನಿವಾರ್ಯವೆಂದು ಸಾಲ ಪಡೆದು ಅಳುಕಿನಲ್ಲೇ ಉಳಿದರು. ಧರ್ಮದ ಕಾರಣಕ್ಕೆ ಯಾರೂ ವಿಶ್ವವಿದ್ಯಾನಿಲಯದಿಂದ ಹೊರಗುಳಿಯಬಾರದೆಂದು ಪ್ರಧಾನಿ ಕ್ಯಾಮರೂನ್ 2013ರಲ್ಲಿ ಹೇಳಿದ್ದರು. 2014ರಲ್ಲಿ ಜನಾಭಿಪ್ರಾಯ ಕೇಳಿದಾಗ ಸುಮಾರು 20,000 ಮಂದಿ ಉತ್ತರಿಸಿದರು. ಪರಸ್ಪರ ನೆರವಿನ ನಿಧಿಯ ಮಾದರಿಯೊಂದು ಸಿದ್ಧವಾಯಿತು, 2017ರ ಕಾನೂನು ಅದಕ್ಕೆ ಅಧಿಕಾರವನ್ನೂ ಕೊಟ್ಟಿತು. ಆದರೆ ಮಾತು ಕೊಟ್ಟು ಹತ್ತು ವರ್ಷ ಕಳೆದಾಗಲೂ ಒಬ್ಬ ವಿದ್ಯಾರ್ಥಿಗೂ ಅದು ಸಿಕ್ಕಿರಲಿಲ್ಲ. ಹುಡುಗನಾಗಿ ಆ ಸುದ್ದಿ ಓದಿದವನು ಅಷ್ಟರಲ್ಲಿ ಓದಿನ ವಯಸ್ಸನ್ನೇ ದಾಟಿರುತ್ತಾನೆ.

ನಾವು ಹಿಂದೆ ಹೇಗೆ ಕಲಿಸುತ್ತಿದ್ದೆವು? ಹನ್ನೊಂದನೇ ಶತಮಾನದ ಬಗ್ದಾದಿನ ನಿಝಾಮಿಯ್ಯದಲ್ಲಿ ವಕ್ಫ್ ಆಸ್ತಿಯ ಆದಾಯದಿಂದ ವಿದ್ಯಾರ್ಥಿಗಳಿಗೆ ಊಟ-ವಸತಿ ನಡೆಯುತ್ತಿತ್ತು. ಕೈರೋದ ಅಲ್ ಅಝ್ಹರಿನಲ್ಲಿ ದೂರದ ಊರುಗಳ ವಿದ್ಯಾರ್ಥಿಗಳಿಗೆ ರೊಟ್ಟಿ ಹಂಚುತ್ತಿದ್ದರು. ನಮ್ಮ ಕನ್ನಡ ನಾಡಿನಲ್ಲಿ ವಾರಾನ್ನ ಇತ್ತು, ಮಠಗಳ ದಾಸೋಹ ಇತ್ತು. ಸಿದ್ಧಗಂಗೆಯಲ್ಲಿ ಈಗಲೂ ಸಾವಿರಾರು ಮಕ್ಕಳು ಉಂಡು ಓದುತ್ತಾರೆ. ಇವನ್ನೆಲ್ಲ ಹೊಗಳಿ ನಿಲ್ಲಿಸಿದರೆ ಅರ್ಧ ಸತ್ಯ. ವಾರಾನ್ನದ ಎಲೆ ಎಲ್ಲ ಜಾತಿಯ ಮಕ್ಕಳಿಗೂ ಬೀಳುತ್ತಿರಲಿಲ್ಲ, ಮದ್ರಸಗಳ ಆ ಕೋಣೆಗಳಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಆಧುನಿಕ ಸಾಲ ಕನಿಷ್ಠ ಜಾತಿ ಕೇಳದೆ ಅರ್ಜಿ ಕೊಡುತ್ತದೆ. ಆಸ್ತಿ ಕೇಳುತ್ತದೆ, ಅಷ್ಟೇ.

ಭಾರತದಲ್ಲಿ ಆಸ್ತಿಯ ಪ್ರಶ್ನೆ ಬರುವುದಕ್ಕೆ ಕರ್ನಾಟಕದ ಪಾತ್ರವೂ ಇದೆ. ಖಾಸಗಿ ವೃತ್ತಿ ಕಾಲೇಜುಗಳೂ ಕ್ಯಾಪಿಟೇಶನ್ನೂ ಮೊದಲು ಬೆಳೆದ ರಾಜ್ಯಗಳಲ್ಲಿ ನಮ್ಮದೂ ಒಂದು. ಮೋಹಿನಿ ಜೈನ್ ಮತ್ತು ಕರ್ನಾಟಕ ಸರಕಾರದ ನಡುವಿನ ಮೊಕದ್ದಮೆಯಲ್ಲಿ, 1992ರಲ್ಲಿ, ಸುಪ್ರೀಂ ಕೋರ್ಟ್ ಶಿಕ್ಷಣ ಪಡೆಯುವುದು ಹಕ್ಕು ಎಂದಿತು. ಮರುವರ್ಷ ಇನ್ನೊಂದು ಪೀಠ ಆ ಹಕ್ಕನ್ನು ಹದಿನಾಲ್ಕು ವಯಸ್ಸಿನ ತನಕ ಎಂದು ಮಿತಿಗೊಳಿಸಿತು. ಆ ವಯಸ್ಸು ದಾಟಿದ ಮೇಲೆ ಸರಕಾರದ ಶಕ್ತಿಯಿದ್ದಷ್ಟು. 2001ರಲ್ಲಿ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಬಂತು. ನಾಲ್ಕು ಲಕ್ಷದ ತನಕ ಅಡವು ಬೇಡ, ಏಳೂವರೆ ಲಕ್ಷ ದಾಟಿದರೆ ಆಸ್ತಿಪತ್ರ ಬೇಕು. 2009ರಿಂದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿನ ಕುಟುಂಬಗಳಿಗೆ, ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಭರಿಸುವ ಯೋಜನೆಯೂ ಸೇರಿತು. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆಯಲ್ಲಿ ಬಡ್ಡಿಯ ಬದಲು ಶೇ. 2ರ ಸೇವಾ ಶುಲ್ಕ.

ಆಸ್ಟ್ರೇಲಿಯಾ ವಿದ್ಯಾರ್ಥಿನಿಯ ನಾಳಿನ ಸಂಬಳವನ್ನು ನಂಬುತ್ತದೆ. ನಮ್ಮಲ್ಲಿ ಬ್ಯಾಂಕು ನಂಬುವುದು ಅವಳ ತಂದೆಯನ್ನು. ಅವಳಿಗೆ ಕೆಲಸ ಸಿಕ್ಕದಿದ್ದರೂ ಕಂತಿನ ದಿನ ಬರುತ್ತದೆ, ನೋಟೀಸು ತಂದೆಯ ಹೆಸರಿಗೂ ಬರುತ್ತದೆ. ಮದುವೆ, ತಮ್ಮನ ಓದು, ಮನೆಯ ಛಾವಣಿ ಎಲ್ಲವೂ ಆ ಒಂದು ಕೋರ್ಸಿನ ಹಿಂದೆ ಸರತಿಯಲ್ಲಿ ನಿಲ್ಲುತ್ತವೆ.

ಆ ದಿನ ಅರ್ಜಿಯಲ್ಲಿ 'ಭದ್ರತೆ' ಎಂಬ ಕಾಲಮ್ ಬಂದಾಗ ಇಲ್ಲಿ ಏನು ಬರೆಯುತ್ತೀರಿ ಎಂದು ಅವರು ಬಗ್ಗಿ ನೋಡಿದರು. ಕೇಳಿದ್ದು ಮೂರೂವರೆ ಲಕ್ಷವಾದ್ದರಿಂದ 'ಇಲ್ಲ' ಎಂದು ಬರೆದೆ. ಅವರ ಮುಖ ಸ್ವಲ್ಪ ಸಡಿಲವಾಯಿತು. ಅದರ ಕೆಳಗೆ ಸಹ-ಸಾಲಗಾರರ ಸಹಿಗೆಂದು ಒಂದು ಗೆರೆ ಇತ್ತು. ಪೆನ್ನನ್ನು ಅವರ ಕೈಗೆ ಕೊಟ್ಟೆ.