ಆಟಕ್ಕುಂಟು, ಲೆಕ್ಕಕ್ಕಿಲ್ಲ

ಜಾತಿ ಗಣತಿಯ ಮಾತು ಬಂದಾಗಲೆಲ್ಲ ‘ಮನುಷ್ಯರನ್ನು ಅಂಕಿ ಮಾಡಬೇಡಿ’ ಎಂಬ ಗೊಣಗಾಟ ಕೇಳುತ್ತದೆ. ಗೊಣಗುವವರು ಹೆಚ್ಚಾಗಿ ಎಲ್ಲ ಪಟ್ಟಿಗಳಲ್ಲೂ ಮೊದಲೇ ಹೆಸರಿರುವವರು. ಎಣಿಕೆಯಲ್ಲಿ ಎರಡು ಬಗೆಯುಂಟು ಎಂಬುದನ್ನು ಯೆಹೂದಿ ಪರಂಪರೆ ಚೆನ್ನಾಗಿ ಬಲ್ಲದು.

ಬೈಬಲಿನ ಅರಣ್ಯಕಾಂಡ ಶುರುವಾಗುವುದೇ ಜನಗಣತಿಯಿಂದ. ಎಲ್ಲ ಬಲ್ಲ ದೇವರಿಗೆ ಗಣತಿ ಯಾಕೆ? 11ನೇ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿಯ ಉತ್ತರ: ಅಕ್ಕರೆಯವರಾದ್ದರಿಂದ ಮತ್ತೆ ಮತ್ತೆ ಎಣಿಸುತ್ತಾನೆ. (ಎಣಿಸಿದ್ದು ಇಪ್ಪತ್ತು ತುಂಬಿದ ಗಂಡಸರನ್ನು ಮಾತ್ರ, ಹೆಂಗಸರನ್ನು ಬಿಟ್ಟ ಅಕ್ಕರೆ ಎಂಥದೋ!) ಆದರೆ ದಾವೀದ ರಾಜ ಕತ್ತಿ ಹಿಡಿಯುವವರೆಷ್ಟು ಎಂದು ಎಣಿಸಿದಾಗ ನಾಡಿಗೆ ಪಿಡುಗು ಬಡಿಯಿತು. ಹಾಗಾಗಿ ತಲೆ ಎಣಿಸುವಂತಿಲ್ಲ. ತಲೆಗೆ ಅರ್ಧ ಶೆಕೆಲ್ ಕೊಡಿಸಿ ನಾಣ್ಯ ಎಣಿಸಬೇಕು. ಕಣದಲ್ಲಿ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ನಮಗೆ ಈ ಅಂಜಿಕೆ ಹೊಸದಲ್ಲ.

ನನಗೆ ಹೆಚ್ಚು ರುಚಿಸುವುದು ಯೆಹೂದಿ ಧರ್ಮಗ್ರಂಥ ತಾಲ್ಮುದಿನ ಇನ್ನೊಂದು ವಿಚಾರ. ನಿಷಿದ್ಧ ಪದಾರ್ಥವೊಂದು ಅರವತ್ತು ಪಟ್ಟು ಒಳ್ಳೆಯ ಆಹಾರದಲ್ಲಿ ಬೆರೆತರೆ ಸಾಮಾನ್ಯವಾಗಿ ಅದು ಇಲ್ಲವೆಂದೇ ಭಾವನೆ. ಎಣಿಸಿಯೇ ಮಾರುವ ವಸ್ತುವಾದರೆ ಸಾವಿರದಲ್ಲಿ ಬೆರೆತರೂ ಕರಗದು. ಅಂಕೋಲೆ ಪೇಟೆಯಲ್ಲಿ ಅಕ್ಕಿ ತೂಕಕ್ಕೆ, ಇಶಾಡ ಮಾವು ಡಜನ್ ಲೆಕ್ಕಕ್ಕೆ. ಹಿಡಿ ಅಕ್ಕಿ ಮೂಟೆಗೆ ಬಿದ್ದರೆ ಮುಗಿಯಿತು. ಹಣ್ಣು ಹಾಗಲ್ಲ: ಬುಟ್ಟಿ ತುಂಬ ಇದ್ದರೂ ಒಂದೊಂದನ್ನೂ ತಿರುಗಿಸಿ, ತೊಟ್ಟು ನೋಡಿ, ಮೂಸಿ, ಆಮೇಲೆ ಚೀಲಕ್ಕೆ ಹಾಕುತ್ತಾರೆ.

‘ಒಬ್ಬರಿಗೆ ಒಂದು ಲೆಕ್ಕ, ಯಾರಿಗೂ ಹೆಚ್ಚಿಲ್ಲ’ ಎಂಬ ಸೂತ್ರ ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಮನ ಹೆಸರಿನಲ್ಲಿ ಓಡಾಡುತ್ತದೆ. ಕೇಳಲು ನ್ಯಾಯವೇ. ಆದರೆ ಆತ ಕೊನೆಗೆ ಎಲ್ಲರ ಸುಖದುಃಖವನ್ನೂ ಒಂದೇ ತಕ್ಕಡಿಗೆ ಸುರಿಯುತ್ತಾನೆ. ಅದು ಎಣಿಕೆಯಲ್ಲ, ತೂಕ. ತೂಕದಲ್ಲಿ ಸಣ್ಣ ಸಮುದಾಯ ಸೋಲಲೇಬೇಕು.

ಪಾರ್ಶ್ವವಾಯುವಿನ ನಾಟಿ ಔಷಧಿಗೆ ದೂರದವರೂ ಹುಡುಕಿಕೊಂಡು ಬರುವ ಬೆಳಂಬಾರದ ಹಾಲಕ್ಕಿ ಒಕ್ಕಲಿಗರನ್ನೇ ನೋಡಿ. ಅವರ ಸುಗ್ಗಿ ಕುಣಿತಕ್ಕೆ ವೇದಿಕೆಯುಂಟು. ಇದೇ ಅಂಕೋಲೆ ತಾಲ್ಲೂಕಿನ ಹಾಲಕ್ಕಿಗಳಾದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ಗಿಡ ಬೆಳೆಸಿದ ತುಳಸಿ ಗೌಡರಿಗೆ 2020ರಲ್ಲಿ ಪದ್ಮಶ್ರೀಯೂ ಸಂದಿತು. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಬೇಡಿಕೆ ಮಾತ್ರ ದಶಕಗಳಿಂದ ಹಾಗೇ ಇದೆ. 1951ರಿಂದ 2011ರವರೆಗಿನ ಜನಗಣತಿಗಳು ಪರಿಶಿಷ್ಟರನ್ನು ಬಿಟ್ಟು ಬೇರೆ ಯಾವ ಜಾತಿಯನ್ನೂ ಹೆಸರು ಹಿಡಿದು ಎಣಿಸಲಿಲ್ಲ. ಹಾಲಕ್ಕಿಗಳು ಮೂಟೆಯ ಅಕ್ಕಿಯಾದರು. 2027ರ ಗಣತಿಯಲ್ಲಿ ಜಾತಿ ಕೇಳುತ್ತಾರಂತೆ. ಬಾಗಿಲಿಗೆ ಬಂದವರು ‘ಒಕ್ಕಲಿಗ’ ಎಂದಷ್ಟೇ ಬರೆದುಕೊಂಡು ಹೊರಟರೆ, ತಡೆದು ನಿಲ್ಲಿಸಿ ಅದರ ಹಿಂದೆ ‘ಹಾಲಕ್ಕಿ’ ಎಂದು ಬರೆಸಬೇಕು.