ಕೇಸ್ ಐತೇನ?

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಮನುಷ್ಯನೊಬ್ಬನನ್ನು ಅಳೆಯಲು ಒಂದು ಪ್ರಶ್ನೆ ಇದೆ: ‘ಅವನ ಮ್ಯಾಲ ಕೇಸ್ ಐತೇನ?’ ಇಂಡಿಯ ಲಿಂಬೆ ತೋಟಕ್ಕೆ ಕಾವಲಿನವನನ್ನು ಹುಡುಕುವವರು, ಸಿಂದಗಿಯಲ್ಲಿ ಮನೆ ಬಾಡಿಗೆಗೆ ಕೊಡುವವರು, ಮುದ್ದೇಬಿಹಾಳದ ಕಡೆಗೆ ಹೆಣ್ಣು ಕೊಡುವವರು, ಬಸವನ ಬಾಗೇವಾಡಿಯಲ್ಲಿ ಸೊಸೈಟಿ ಚುನಾವಣೆಗೆ ನಿಂತವರ ಎದುರಾಳಿಗಳು ಎಲ್ಲರೂ ಕೇಳುವುದು ಇದನ್ನೇ. ಉತ್ತರ ‘ಹೂಂ’ ಎಂದಾದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಈ ಪ್ರಶ್ನೆಯ ವ್ಯಾಕರಣವನ್ನು ಸ್ವಲ್ಪ ಗಮನಿಸಿ. ಅದರಲ್ಲಿ ಭೂತಕಾಲವಿಲ್ಲ. ಠಾಣೆಯಲ್ಲಿ ಎಫ್‌ಐಆರ್ ಆಗಿರಬಹುದು, ಪೊಲೀಸರೇ ‘ಬಿ ರಿಪೋರ್ಟ್’ ಹಾಕಿ ಕೈಬಿಟ್ಟಿರಬಹುದು, ಆರೋಪಪಟ್ಟಿ ಸಲ್ಲಿಕೆಯಾಗಿ ವಿಚಾರಣೆ ನಡೆದು ಖುಲಾಸೆಯಾಗಿರಬಹುದು, ಎರಡೂ ಕಡೆಯವರು ರಾಜಿಯಾಗಿರಬಹುದು, ಅಥವಾ ಶಿಕ್ಷೆಯಾಗಿ ಅದನ್ನು ಅನುಭವಿಸಿ ಹೊರಬಂದಿರಬಹುದು. ಈ ಎಲ್ಲವೂ ನಮ್ಮ ಬಾಯಲ್ಲಿ ‘ಕೇಸ್ ಐತಿ’ ಎಂಬ ಒಂದೇ ಮಾತಾಗುತ್ತದೆ. ಹತ್ತು ವರ್ಷದ ಹಿಂದೆ ಮುಗಿದದ್ದೂ ‘ಐತಿ’ಯೇ.

ಒಬ್ಬ ಮನುಷ್ಯನ ಅಪರಾಧದ ದಾಖಲೆಯನ್ನು ತಿಳಿಯುವ ಹಕ್ಕು ಇನ್ನೊಬ್ಬನಿಗೆ ಎಷ್ಟರ ಮಟ್ಟಿಗೆ ಇದೆ? ಇದನ್ನು ಯೋಚಿಸುವ ಮುನ್ನ ಆ ದಾಖಲೆ ಎಲ್ಲಿರುತ್ತದೆ ಎಂದು ನೋಡಬೇಕು. ಅದು ಒಂದೇ ಕಡೆ ಇರುವುದಿಲ್ಲ. ಶುರುವಾಗುವುದು ಠಾಣೆಯಲ್ಲಿ: ಠಾಣೆಯ ಹೆಸರು, ಅಪರಾಧ ಸಂಖ್ಯೆ, ಇಸವಿ. ಮುಂದೆ ಅದು ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಿ ‘ಸಿ.ಸಿ. ನಂಬರ್’ ಪಡೆಯುತ್ತದೆ. ಗಂಭೀರ ಅಪರಾಧವಾದರೆ ಸೆಷನ್ಸ್ ನ್ಯಾಯಾಲಯದಲ್ಲಿ ಮತ್ತೊಂದು ಸಂಖ್ಯೆ. ಮೇಲ್ಮನವಿ ಹೈಕೋರ್ಟಿಗೆ ಹೋದರೆ ಕಲಬುರಗಿ ಪೀಠದಲ್ಲಿ ಇನ್ನೊಂದು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ಕೊಲ್ಹಾರ ಮತ್ತು ನಿಡಗುಂದಿ ಈಗ ಬೇರೆ ತಾಲ್ಲೂಕುಗಳಾಗಿವೆ. ಹಾಗಾಗಿ ಹಳೆಯ ಪ್ರಕರಣವನ್ನು ಹುಡುಕುವವರು ಹಳೆಯ ತಾಲ್ಲೂಕಿನ ಹೆಸರಿನಲ್ಲೇ ಹುಡುಕಬೇಕಾಗುತ್ತದೆ. ಹೆಸರಿನಿಂದ ಹುಡುಕಿದರೋ, ‘ಮಲ್ಲಪ್ಪ ತಂದೆ ಸಿದ್ದಪ್ಪ’ ಎಂಬವರು ಒಂದೇ ಊರಲ್ಲಿ ನಾಲ್ಕು ಮಂದಿ ಇರುತ್ತಾರೆ.

ಅಂದರೆ ಒಂದು ಪ್ರಕರಣದ ಆರಂಭ ಒಂದು ಕಚೇರಿಯಲ್ಲಿ, ಅಂತ್ಯ ಇನ್ನೊಂದು ಕಚೇರಿಯಲ್ಲಿ. ನನ್ನ ವಾದ ಹುಟ್ಟುವುದು ಈ ಎರಡರ ನಡುವಿನ ದೂರದಲ್ಲಿ.

ಕಳೆದ ವರ್ಷ ಸಿಂದಗಿ ಕಡೆಯ ನೆಂಟರೊಬ್ಬರು, ನಾನು ಕಾಕಾ ಎಂದು ಕರೆಯುವವರು, ಫೋನ್ ಮಾಡಿದರು. ಮಗಳಿಗೆ ಸಂಬಂಧ ಬಂದಿತ್ತು. ‘ತಮ್ಮಾ, ಹುಡುಗನ ಮ್ಯಾಲ ಏನರ ಕೇಸ್ ಐತೇನ ನೋಡಪಾ, ನಿನಗ ಫೋನಿನ್ಯಾಗ ಎಲ್ಲಾ ಸಿಗತೈತಿ’ ಎಂದರು. ಎಫ್‌ಐಆರ್ ಬೇಗನೆ ಸಿಕ್ಕಿತು. ಹೊಲದ ಬದುವಿನ ಜಗಳ. ಹನ್ನೊಂದು ಮಂದಿ ಆರೋಪಿಗಳು, ಹುಡುಗನದು ಒಂಬತ್ತನೆಯ ಹೆಸರು. ಬದುವಿನ ಜಗಳದ ದೂರಿನಲ್ಲಿ ಅಣ್ಣತಮ್ಮಂದಿರು, ಅವರ ಮಕ್ಕಳು ಎಲ್ಲರ ಹೆಸರೂ ಬರೆಸುವುದು, ಆ ಕಡೆಯವರೂ ಕೌಂಟರ್ ಕೇಸ್ ಹಾಕುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ನ್ಯಾಯಾಲಯದಲ್ಲಿ ಏನಾಯಿತೆಂದು ತಿಳಿಯಲು ನನಗೆ ಇನ್ನೂ ಕೆಲವು ದಿನ ಹಿಡಿಯಿತು. ಎಲ್ಲರೂ ಖುಲಾಸೆಯಾಗಿದ್ದರು. ಅದನ್ನೂ ಹೇಳಿ, ‘ಹುಡುಗನ್ನ ಕರದು ಎದುರಿಗೆ ಕೇಳ್ರಿ ಕಾಕಾ’ ಎಂದೆ. ಅಷ್ಟರಲ್ಲಿ ಮನೆಯಲ್ಲಿ ತೀರ್ಮಾನವಾಗಿತ್ತು. ‘ಕೇಸ್ ಇತ್ತಂತ ಆತಲ್ಲ, ಬ್ಯಾಡ ಬಿಡು’ ಎಂದರು. ಯಾಕೆ ಬೇಡವೆಂದರೆಂದು ಆ ಹುಡುಗನಿಗೆ ಯಾರೂ ಹೇಳಲಿಲ್ಲ.

ಕಾಕಾರನ್ನು ದೂರುವುದು ಸುಲಭ. ಆದರೆ ಅವರ ಭಯ ಸುಳ್ಳಲ್ಲ. ಮೊದಲ ಹೆಂಡತಿಯನ್ನು ಹಿಂಸಿಸಿದ ಪ್ರಕರಣವನ್ನು ಮುಚ್ಚಿಟ್ಟು ಎರಡನೆಯ ಮದುವೆಗೆ ಬರುವ ಗಂಡಸರಿದ್ದಾರೆ. ಮಗಳನ್ನು ಕೊಡುವ ತಂದೆಗೆ ಅದನ್ನು ತಿಳಿಯುವ ಹಕ್ಕಿಲ್ಲ ಎಂದು ಯಾವ ಬಾಯಿಂದ ಹೇಳುವುದು? ತಿಳಿಯದೇ ಇದ್ದರೆ ಬೆಲೆ ತೆರುವವಳು ಆ ಹುಡುಗಿ.

ದಾಖಲೆ ತೆರೆದಿರಬೇಕು ಎನ್ನಲು ಇನ್ನೂ ದೊಡ್ಡ ಕಾರಣವಿದೆ. ಎಫ್‌ಐಆರ್ ಆದ 24 ಗಂಟೆಯೊಳಗೆ ಅದನ್ನು ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರಿನಲ್ಲಿ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಆದೇಶಿಸಿತು. ದೂರದ ಪ್ರದೇಶಗಳಿಗೆ ಈ ಅವಧಿಯನ್ನು 72 ಗಂಟೆಯವರೆಗೆ ವಿಸ್ತರಿಸಲು ಅವಕಾಶವಿತ್ತು, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿಯೂ ಇತ್ತು. ಆ ಆದೇಶದ ಆಶಯ ಗಮನಿಸಬೇಕಾದದ್ದು. ತನ್ನ ಮೇಲೆ ಏನು ಆರೋಪವಿದೆ ಎಂಬುದು ಆರೋಪಿಗೆ ತಿಳಿಯಲಿ, ಠಾಣೆಯ ಬಾಗಿಲಲ್ಲಿ ಅವನ ಮನೆಯವರು ಒಂದು ಪ್ರತಿಗಾಗಿ ಕೈಮುಗಿದು ನಿಲ್ಲುವಂತಾಗದಿರಲಿ, ಅವನು ಬೇಗ ಜಾಮೀನಿಗೆ ಹೋಗುವಂತಾಗಲಿ ಎಂಬುದು. ಪ್ರಭುತ್ವ ಗುಟ್ಟಾಗಿ ಯಾರನ್ನೂ ಅಪರಾಧಿ ಮಾಡದಿರಲಿ ಎಂದು ತೆರೆದ ಕಿಟಕಿ ಅದು. ಆರೋಪಿಯ ರಕ್ಷಣೆಗೆ ತೆರೆದ ಆ ಕಿಟಕಿಯಲ್ಲಿ ಈಗ ಅವನ ನೆರೆಯವರು ಇಣುಕುತ್ತಿದ್ದಾರೆ.

ಚುನಾವಣೆಗೆ ನಿಲ್ಲುವವರ ವಿಷಯ ಬೇರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ವಿಧಾನಸಭಾ ಕ್ಷೇತ್ರಗಳು. ಅಲ್ಲಿಯ ಅಭ್ಯರ್ಥಿಗಳು ತಮ್ಮ ಮೇಲಿನ ಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ ಬರೆಯಲೇಬೇಕು, ಯಾರು ಬೇಕಾದರೂ ಅದನ್ನು ಓದಬಹುದು. ಅಧಿಕಾರ ಕೇಳುವವನು ತನ್ನ ಗತವನ್ನು ಮೇಜಿನ ಮೇಲೆ ಇಡಬೇಕು. ಹೊಲದ ಕೆಲಸ ಕೇಳುವವನೂ ಇಡಬೇಕೆ? ವಿಚಿತ್ರವೆಂದರೆ ಮೊದಲನೆಯವನ ಪಟ್ಟಿಯನ್ನು ನಾವು ಓದಿಯೂ ಓಟು ಹಾಕುತ್ತೇವೆ, ಎರಡನೆಯವನ ಒಂದೇ ಒಂದು ಎಫ್‌ಐಆರ್ ನೋಡಿ ಬಾಗಿಲು ಹಾಕುತ್ತೇವೆ.

ದಾಖಲೆಯೊಂದು ಮನುಷ್ಯನನ್ನು ಹೇಗೆ ನುಂಗಬಹುದು ಎಂಬುದನ್ನು ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಎಂ. ಕೆನೆಡಿ 1908ರಲ್ಲಿ ‘ನೋಟ್ಸ್ ಆನ್ ಕ್ರಿಮಿನಲ್ ಕ್ಲಾಸಸ್ ಇನ್ ದಿ ಬಾಂಬೆ ಪ್ರೆಸಿಡೆನ್ಸಿ’ ಎಂಬ ಪುಸ್ತಕ ತಂದ. ವಿಜಯಪುರ ಜಿಲ್ಲೆಯ ಛಪ್ಪರ್‌ಬಂದರಿಗೆ ಅದರಲ್ಲಿ ಖೋಟಾ ನಾಣ್ಯದವರೆಂಬ ಹಣೆಪಟ್ಟಿ. ಅಲ್ಲಿ ಅಪರಾಧ ಒಬ್ಬ ವ್ಯಕ್ತಿ ಒಂದು ದಿನ ಮಾಡಿದ ಕೃತ್ಯವಲ್ಲ, ಜಾತಿಯ ಕಸುಬು. ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕೆಳಗೆ ವಿಜಯಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ‘ಸೆಟ್ಲಮೆಂಟು’ಗಳಾದವು. ಹೆಸರು ನೋಂದಣಿ, ಬೆರಳಚ್ಚು, ಹಾಜರಿ, ಊರು ಬಿಡಲು ಪರವಾನಗಿ. ಆ ಮನೆಗಳಲ್ಲಿ ಹುಟ್ಟಿದ ಕೂಸಿಗೆ ತೊಟ್ಟಿಲಿಗಿಂತ ಮೊದಲೇ ದಾಖಲೆ ಸಿದ್ಧವಿರುತ್ತಿತ್ತು. ದೇಶದಲ್ಲಿ ಆ ಕಾಯ್ದೆ 1952ರಲ್ಲಿ ರದ್ದಾಯಿತು. ಆದರೆ ಜಾತಿ ನೋಡಿ ಕೆಲಸ ಹಂಚುವ, ಈ ಸಮುದಾಯಗಳನ್ನು ಹುಟ್ಟು ಅಪರಾಧಿಗಳಂತೆ ಕಾಣುವ ಜೈಲು ನಿಯಮಗಳನ್ನು ತೆಗೆದುಹಾಕಲು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಸುಕನ್ಯಾ ಶಾಂತಾ ಪ್ರಕರಣದ ತೀರ್ಪು ಕೊಡಬೇಕಾಯಿತು. ಕಾಯ್ದೆ ಸತ್ತು ಎಪ್ಪತ್ತು ವರ್ಷ ಕಳೆದರೂ ಅದರ ನೆರಳು ಕಡತದಲ್ಲಿ ಉಳಿದಿತ್ತು.

ಇದೇ ರೋಗದ ಸಣ್ಣ ರೂಪವನ್ನು ನಾವು ದಿನವೂ ಓದುತ್ತೇವೆ. ‘ಭೀಮಾ ತೀರದ ಹಂತಕರು’ ಎಂಬುದು ರವಿ ಬೆಳಗೆರೆಯವರ ಪುಸ್ತಕದ ಹೆಸರು. 2012ರಲ್ಲಿ ‘ಭೀಮಾ ತೀರದಲ್ಲಿ’ ಎಂಬ ಸಿನಿಮಾ ಬಂತು. ಪತ್ರಿಕೆಗಳಿಗೆ ಆ ಮಾತು ರೂಢಿಯಾಯಿತು. ಕೆಲವು ಮನೆತನಗಳ ಹಗೆ ಇಡೀ ನದಿದಂಡೆಯ ಗುರುತಾಯಿತು. ಇಂಡಿ, ಸಿಂದಗಿಯ ವಿದ್ಯಾರ್ಥಿ ಬೆಂಗಳೂರಿನಲ್ಲಿ ರೂಮು ಕೇಳಲು ಹೋದರೆ ‘ಓ, ಭೀಮಾ ತೀರದವರಾ?’ ಎಂಬ ನಗೆಮಾತು ಎದುರಾಗುತ್ತದೆ. ನದಿಗೂ ಒಂದು ಕೇಸ್ ಬಿದ್ದಂತಾಗಿದೆ, ಅದಕ್ಕೆ ಖುಲಾಸೆ ಕೊಡುವ ನ್ಯಾಯಾಲಯವಿಲ್ಲ.

ಹಾಗಾದರೆ ಎಲ್ಲವನ್ನೂ ಅಳಿಸಿಬಿಡೋಣವೆ? ಮರೆವಿಗೂ ಕಾನೂನಿನಲ್ಲಿ ಜಾಗವಿದೆ. ಕಾನೂನಿನೊಂದಿಗೆ ಸಂಘರ್ಷಕ್ಕೆ ಬಂದ ಮಗುವಿಗೆ ಆ ಕಾರಣದಿಂದ ಅನರ್ಹತೆ ಅಂಟಬಾರದು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 24ನೆಯ ಕಲಂ. ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ, ಎಳೆಯ ವಯಸ್ಸಿನ ಕ್ಷುಲ್ಲಕ ಪ್ರಕರಣವನ್ನು ಹೇಳದೇ ಇದ್ದವನನ್ನು ಉದ್ಯೋಗದಾತರು ಕ್ಷಮಿಸಬಹುದು ಎಂದಿತು. ಆದರೆ ಎಲ್ಲವನ್ನೂ ಅಳಿಸಿದರೆ ನೊಂದವರ ಮಾತೂ ಅಳಿಸಿಹೋಗುತ್ತದೆ. ಅಪರಾಧದ ದಾಖಲೆ ಅಪರಾಧಿಯೊಬ್ಬನದೇ ಅಲ್ಲ. ‘ನನಗೆ ಹೀಗಾಯಿತು’ ಎಂದು ಯಾರೋ ಧೈರ್ಯಮಾಡಿ ಠಾಣೆಯ ಮೆಟ್ಟಿಲು ಹತ್ತಿದ್ದರ ದಾಖಲೆಯೂ ಹೌದು.

ನಮ್ಮ ರಾಜ್ಯದ ಹೈಕೋರ್ಟ್ 2017ರ ಜನವರಿಯಲ್ಲಿ ಕೊಟ್ಟ ಒಂದು ಆದೇಶದಲ್ಲಿ ಈ ಗಂಟನ್ನು ಬಿಡಿಸುವ ದಾರಿ ಕಾಣುತ್ತದೆ. ಮದುವೆಗೆ ಸಂಬಂಧಿಸಿದ ಮೊಕದ್ದಮೆ ಮುಗಿದಿತ್ತು. ಆದರೆ ಹೆಣ್ಣುಮಗಳ ಹೆಸರು ಹಾಕಿ ಅಂತರ್ಜಾಲದಲ್ಲಿ ಹುಡುಕಿದರೆ ಆ ಆದೇಶ ಎದುರಿಗೆ ಬರುತ್ತದೆ, ಅವಳ ಸಂಸಾರಕ್ಕೆ, ಮರ್ಯಾದೆಗೆ ತೊಂದರೆ ಎಂದು ತಂದೆ ನ್ಯಾಯಾಲಯಕ್ಕೆ ಹೋಗಿದ್ದರು. ಅಂತರ್ಜಾಲದ ಹುಡುಕಾಟದಲ್ಲಿ ಹೆಸರು ಕಾಣದಂತೆ ಪ್ರಯತ್ನ ಮಾಡಿ ಎಂದು ಹೈಕೋರ್ಟ್ ತನ್ನ ರಿಜಿಸ್ಟ್ರಿಗೆ ಹೇಳಿತು. ಜೊತೆಗೆ, ಯಾರಾದರೂ ದೃಢೀಕೃತ ನಕಲು ಕೇಳಿದರೆ ಅದರಲ್ಲಿ ಹೆಸರು ಇರುತ್ತದೆ ಎಂದೂ ಸ್ಪಷ್ಟಪಡಿಸಿತು. ಅಂದರೆ ದಾಖಲೆ ಉಳಿಯಿತು. ಅದನ್ನು ತಲುಪುವ ದಾರಿ ಮಾತ್ರ ಬದಲಾಯಿತು.

ಈ ವ್ಯತ್ಯಾಸ ನನಗೆ ಮುಖ್ಯವಾಗಿ ಕಾಣುತ್ತದೆ. ಫೋನಿನಲ್ಲಿ ಹುಡುಕುವವನಿಗೆ ಹೆಸರಿಲ್ಲ, ಮುಖವಿಲ್ಲ, ಕಾರಣವಿಲ್ಲ. ನ್ಯಾಯಾಲಯದ ನಕಲು ಶಾಖೆಗೆ ಅರ್ಜಿ ಕೊಡುವವನು ತನ್ನ ಹೆಸರು ಬರೆಯುತ್ತಾನೆ, ಶುಲ್ಕ ಕಟ್ಟುತ್ತಾನೆ, ಸಹಿ ಮಾಡುತ್ತಾನೆ. ಪ್ರಕರಣಕ್ಕೆ ಸಂಬಂಧಪಡದ ಮೂರನೆಯವರು ನಕಲು ಬೇಕಾದರೆ ಕಾರಣ ಹೇಳಬೇಕೆಂಬ ಗುಜರಾತ್ ಹೈಕೋರ್ಟಿನ ನಿಯಮವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು. ಮಾಹಿತಿ ಹಕ್ಕಿನ ಹೆಸರಿನಲ್ಲಿ ಅದನ್ನು ದಾಟಿಹೋಗುವಂತಿಲ್ಲ ಎಂದಿತು. ಇನ್ನೊಬ್ಬನ ಗತವನ್ನು ಕೇಳುವವನು ತಾನೂ ಒಂದು ದಾಖಲೆ ಬಿಟ್ಟುಹೋಗಬೇಕು. ಅದು ನ್ಯಾಯದ ಕನಿಷ್ಠ ಸಮತೋಲ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಕಿಟಕಿಯ ಮುಂದೆ ನಿಲ್ಲಲು ಒಂದು ದಿನದ ಕೂಲಿ ಹೋಗುತ್ತದೆ. ಉಳ್ಳವರು ವಕೀಲರನ್ನು ಕಳಿಸುತ್ತಾರೆ, ಇಲ್ಲದವರು ಬಸ್ಸಿಗೆ ಕಾಯುತ್ತಾರೆ. ತೊಡಕನ್ನೇ ನೀತಿ ಎಂದು ಹೊಗಳಿದರೆ ಅದು ಬಡವರಿಗೆ ಮಾಡುವ ಅನ್ಯಾಯ. ಒಪ್ಪುತ್ತೇನೆ. ಆದರೆ ಈಗಿನ ವ್ಯವಸ್ಥೆಯಲ್ಲಿ ಆ ತೊಡಕು ಯಾರ ಪಾಲಿಗೆ ಬಂದಿದೆ ನೋಡಿ. ಜೈಲುಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಕೂಡಲೇ, ಉಚಿತವಾಗಿ ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 363ನೆಯ ಕಲಂ ಹೇಳುತ್ತಿದ್ದುದು ಇದನ್ನೇ, 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 404ನೆಯ ಕಲಂ ಹೇಳುವುದೂ ಇದನ್ನೇ. ಅವನು ಮೇಲ್ಮನವಿ ಹೋಗಬೇಕಲ್ಲ, ಸರಿಯೇ. ಆದರೆ ಖುಲಾಸೆಯಾದವನು ಅರ್ಜಿ ಹಾಕಿ, ಶುಲ್ಕ ಕಟ್ಟಿ ಕಾಯಬೇಕು. ಆರೋಪ 24 ಗಂಟೆಯಲ್ಲಿ ಊರೆಲ್ಲ ಸುತ್ತುತ್ತದೆ. ಬಿಡುಗಡೆಯ ಕಾಗದವನ್ನು ಮಾತ್ರ ಅವನೇ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಮನೆಮನೆಗೆ ಹೊತ್ತು ತಿರುಗಬೇಕು.

ಆದ್ದರಿಂದ ದಾಖಲೆ ತೆರೆದಿರಬೇಕೋ ಮುಚ್ಚಿರಬೇಕೋ ಎಂಬ ವಾದದಲ್ಲಿ ನಾನು ಯಾವ ಪಕ್ಕಕ್ಕೂ ಪೂರ್ತಿ ನಿಲ್ಲಲಾರೆ. ನಾನು ಕೇಳುವುದು ಇಷ್ಟು: ಆರಂಭವನ್ನು ಎಲ್ಲಿ ಪ್ರಕಟಿಸುತ್ತೀರೋ ಅಂತ್ಯವನ್ನೂ ಅಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸಿ. ಅಂತ್ಯವಿಲ್ಲದ ದಾಖಲೆ ಅರ್ಧಸತ್ಯ. ಅರ್ಧಸತ್ಯವನ್ನು ತೆರೆದಿಡುವುದು ಪಾರದರ್ಶಕತೆಯಲ್ಲ. ಇದು ಸರ್ಕಾರದ ಕೆಲಸ. ನಮ್ಮ ಪಾಲಿನದು ಇನ್ನೂ ಸರಳ. ದಾಖಲೆ ಸಿಕ್ಕ ಮೇಲೆ ಆ ಮನುಷ್ಯನನ್ನು ಎದುರಿಗೆ ಕೂರಿಸಿ ಅವನ ಮಾತು ಕೇಳುವುದು. ಕೊಲೆ ಆರೋಪಿಗೂ ನ್ಯಾಯಾಲಯ ಕೊಡುವ ಈ ಅವಕಾಶವನ್ನು ನಮ್ಮ ಪಡಸಾಲೆಗಳು ಕೊಡುವುದಿಲ್ಲ. ಹಿಂಸೆಯನ್ನು ಮುಚ್ಚಿಟ್ಟು ಬಂದವನೂ ಸಿಕ್ಕಿಬೀಳುವುದು ಹೆಚ್ಚಾಗಿ ಹೀಗೆ ಎದುರಿಗೆ ಕೇಳಿದಾಗಲೇ.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಹೆಸರು ಈ ಲೇಖನದಲ್ಲಿ ಬಂದದ್ದರಿಂದ ಒಬ್ಬ ಶರಣರನ್ನು ನೆನೆಯುತ್ತೇನೆ. ಕನ್ನದ ಮಾರಿತಂದೆ. ಕನ್ನ ಹಾಕುವ ಕಳ್ಳತನ ಅವರ ಕಸುಬಾಗಿತ್ತು, ಆಮೇಲೆ ಶರಣರಾದರು, ವಚನಕಾರರಾದರು ಎಂದು ಪರಂಪರೆ ಹೇಳುತ್ತದೆ. ಕುತೂಹಲದ ಸಂಗತಿಯೆಂದರೆ ಆ ‘ಕನ್ನ’ವನ್ನು ಅವರ ಹೆಸರಿನಿಂದ ಯಾರೂ ಅಳಿಸಲಿಲ್ಲ. ಎಂಟು ನೂರು ವರ್ಷಗಳಾದರೂ ಅದು ಹೆಸರಿನ ಮುಂದೆಯೇ ನಿಂತಿದೆ. ಆದರೆ ಅದನ್ನು ಓದಿದ ಯಾರೂ ಅವರನ್ನು ಕಳ್ಳನೆಂದು ಹೊರಗಿಡುವುದಿಲ್ಲ. ಏಕೆಂದರೆ ಕನ್ನದ ಜೊತೆಯಲ್ಲೇ ಮುಂದಿನ ಕಥೆಯೂ ನಮಗೆ ಗೊತ್ತಿದೆ.

ನಮ್ಮ ಪ್ರಶ್ನೆಗೆ ಕೊರತೆಯಾಗಿರುವುದು ಆ ಮುಂದಿನ ಕಥೆ. ‘ಕೇಸ್ ಐತೇನ?’ ಎಂದು ಕೇಳುವವರನ್ನು ತಡೆಯಲಾಗದು, ತಡೆಯಲೂ ಬಾರದು. ಅದರ ಬೆನ್ನಿಗೆ ‘ಮುಂದ ಏನಾತು?’ ಎಂದು ಕೇಳುವ ತಾಳ್ಮೆಯನ್ನಾದರೂ ಕಲಿತರೆ, ಒಂಬತ್ತನೆಯ ಆರೋಪಿಗೂ ಉತ್ತರ ಹೇಳಲು ಒಂದು ಜಾಗ ಸಿಕ್ಕೀತು.